ಬಟ್ಟೆ ಹಗ್ಗದ ಮೇಲೆ ಬಂದ ಇಂಟರ್‌ನೆಟ್

ಏಳು ಗಂಟೆ ನಲವತ್ತೆರಡು ನಿಮಿಷ ಹದಿನೆಂಟು ಸೆಕೆಂಡು, ಬೆಳಗಿನ ಹೊತ್ತು. ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆಂದು ನನ್ನ ನೆನಪಿನ ಶಕ್ತಿಯನ್ನು ಹೊಗಳಬೇಡಿ. ನನ್ನ ಮದುವೆಯ ಮುಹೂರ್ತ ಎಷ್ಟು ಗಂಟೆಗಿತ್ತು ಎಂದು ಕೇಳಿದರೆ ನಾನು ಅತ್ತೆಯ ಮುಖ ನೋಡುತ್ತೇನೆ. ಈ ಹೊತ್ತನ್ನು ಬರೆದಿಟ್ಟಿರುವುದು ನಮ್ಮ ಮನೆಯ ರೂಟರ್. ಗೋಡೆಯ ಮೇಲೆ ನಾಲ್ಕು ಕೊಂಬೆತ್ತಿಕೊಂಡು ಕೂತಿರುವ ಆ ಕಪ್ಪು ಡಬ್ಬಿ ತನ್ನೊಳಗೇ ಒಂದು ದಿನಚರಿ ಬರೆಯುತ್ತಿರುತ್ತದೆ. ಯಾವ ಫೋನು ಯಾವಾಗ ಬಂತು, ಯಾವುದು ಬಿಟ್ಟು ಹೋಯಿತು, ಎಲ್ಲ. ಆ ದಿನ ಅದು ಬರೆದುಕೊಂಡದ್ದು ಇಷ್ಟೇ: ಎರಡನೇ ಪೋರ್ಟಿನ ಸಂಪರ್ಕ ಕಡಿದಿದೆ. ಮನೆಯಲ್ಲಿ ಎರಡು ಜೀವ ಹೋಗುವುದರಲ್ಲಿತ್ತು ಎಂಬುದನ್ನು ಅದು ಹೀಗೆ ಒಂದು ಸಾಲಿನಲ್ಲಿ ಮುಗಿಸಿತ್ತು. ಆ ಸಾಲನ್ನು ನಾನು ಎಷ್ಟು ಸಲ ತೆರೆದು ಓದಿದ್ದೇನೋ. 

ಎಲ್ಲಿಂದ ಶುರುಮಾಡಲಿ? ಸಂಭ್ರಮದಿಂದಲೇ ಮಾಡುತ್ತೇನೆ. ತಪ್ಪು ಹುಟ್ಟಿದ್ದೂ ಅಲ್ಲೇ.

ನಾವಿರುವುದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ, ಲೈನ್ ಮನೆಯಲ್ಲಿ. ಚಿನ್ನದ ಗಣಿಯ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಮನೆಗಳು. ಮಾವ ಗಣಿ ಮುಚ್ಚುವವರೆಗೂ ಭೂಮಿಯೊಳಗೆ ಇಳಿದು ಹತ್ತಿದವರು. ಕಲ್ಲಿನ ಧೂಳು ಕುಡಿದು ಕುಡಿದು ಅವರ ಎದೆ ಎಷ್ಟು ದಣಿದಿದೆಯೆಂದರೆ ಮಾತು ನಾಲ್ಕು ಅಡಿ ದಾಟುವುದಿಲ್ಲ. ಅತ್ತೆಯ ಮಾತು ನಾಲ್ಕು ಬೀದಿ ದಾಟುತ್ತದೆ. ನಮ್ಮೆಜಮಾನರು ಬೆಳಗಿನ ರೈಲು ಹಿಡಿದು ಬಂಗಾರಪೇಟೆಯ ಅಕ್ಕಿ ಮಂಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಾನು ಬಿ.ಎಸ್ಸಿ. ಮುಗಿಸಿ, ಒಂದಷ್ಟು ವರ್ಷ ಶಾಲೆಯಲ್ಲಿ ಪಾಠ ಮಾಡಿ, ಈಗ ಮನೆಯಿಂದಲೇ ಕಂಪ್ಯೂಟರಿನಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಆಂಡರ್ಸನ್‌ಪೇಟೆಯ ಮೂವರು, ಬಂಗಾರಪೇಟೆಯ ಆರು ಮಂದಿ, ನನ್ನ ತವರು ಬೂದಿಕೋಟೆಯ ಇಬ್ಬರು.

ಮನೆಯೊಳಗೆ ಕುಕ್ಕರ್, ಟೀವಿ, ಅತ್ತೆ. ಹೀಗಾಗಿ ಪಾಠ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ. ಅದರಲ್ಲಿ ಹಿಂದೆ ಮೇಕೆಗಳಿದ್ದವು. ಅವನ್ನು ಮಾರಿದ ಮೇಲೆ ನೆಲಕ್ಕೆ ಸಿಮೆಂಟು ಬಳಿದು, ಮೇಜು ಹಾಕಿ, ಫ್ಯಾನು ಕಟ್ಟಿ ನಾನು ಒಳಹೊಕ್ಕೆ. "ಮೇಕೆಗಿಂತ ನೀನೇ ಜಾಸ್ತಿ ಅರಚ್ತೀಯ" ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. ಅರಚದೆ ಏನು ಮಾಡಲಿ? ಮೊಬೈಲ್ ಸಿಗ್ನಲ್ಲಿನಲ್ಲಿ ಪಾಠ ಎಂದರೆ ಅರ್ಧ ಹೊತ್ತು "ಕೇಳಿಸ್ತಿದೆಯಾ?", ಇನ್ನರ್ಧ ಹೊತ್ತು "ಮೇಡಂ, ನೀವು ನಿಂತುಬಿಟ್ಟಿದ್ದೀರಿ."

ಅಂಥ ಕಾಲದಲ್ಲಿ ನಮ್ಮ ಸಾಲಿಗೆ ಫೈಬರ್ ಲೈನ್ ಬಂತು. ಕೂದಲೆಳೆಯಂಥ ಗಾಜಿನೊಳಗೆ ಬೆಳಕು ಓಡಿ ಇಂಟರ್‌ನೆಟ್ ಬರುತ್ತದೆ ಎಂದು ಕೇಳಿ ನಾನು ಕುಣಿಯುವುದೊಂದು ಬಾಕಿ. ಕಂಪನಿಯವರು ಕೊಡುವ ಡಬ್ಬಿ ಸಾಕು ಎಂದು ನಮ್ಮೆಜಮಾನರು ಅಂದರು. ನನಗೆ ಸಾಕಾಗಲಿಲ್ಲ. ಎರಡು ವಾರ ಹಗಲೆಲ್ಲ ವಿಡಿಯೋ ನೋಡಿದೆ. ಯಾವ ರೂಟರಿಗೆ ಎಷ್ಟು ಪೋರ್ಟು, ಯಾವುದರ ವೇಗ ಎಷ್ಟು, ಯಾವುದು ಬಿಸಿಯಾಗುತ್ತದೆ, ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದೆ. ಹೆಣ್ಣು ನೋಡಲು ಬಂದವರೂ ನನ್ನನ್ನು ಅಷ್ಟು ಪರೀಕ್ಷೆ ಮಾಡಿರಲಿಲ್ಲ.

ಕೊನೆಗೆ ನಾಲ್ಕು ಕೊಂಬಿನದು ಮನೆಗೆ ಬಂತು. ಅತ್ತೆ ಮುಟ್ಟಿ ಮುಟ್ಟಿ ಎಣಿಸಿದರು.

"ಎದುರು ಮನೇರ್ದು ಎರಡೇ ಕೊಂಬು ಐತೆ. ನಮ್ದಕ್ಕೆ ಯಾಕೆ ನಾಕು?"

"ಜಾಸ್ತಿ ದೂರ ಹೋಗುತ್ತೆ ಅತ್ತೆ."

"ಅಂಗಾದ್ರೆ ನಾಕೇ ಇರ್ಲಿ. ಕಿಟಕಿ ತಾವ ಇಕ್ಕು, ಅವಳಿಗೆ ಕಾಣ್ಲಿ."

ಹೋಗುವುದೇನೋ ದೂರ ಹೋಯಿತು. ಬೀದಿ ಕೊನೆಯ ನಲ್ಲಿಯವರೆಗೂ ಹೋಯಿತು. ಹಿತ್ತಲಿನ ಶೆಡ್ಡಿನೊಳಗೆ ಮಾತ್ರ ಹೋಗಲಿಲ್ಲ. ಲೈನ್ ಎಳೆಯಲು ಬಂದಿದ್ದ ಮುನಿರಾಜು ಬೂದಿಕೋಟೆ ಕಡೆಯವನು, ಎರಡು ಮಕ್ಕಳ ತಂದೆ, ಊರಿನವಳೆಂದು ನನ್ನ ಮೇಲೆ ಸಲುಗೆ ಜಾಸ್ತಿ. ನನ್ನ ನೋಟ್‌ಬುಕ್ ನೋಡಿ ನಕ್ಕ. "ಅಕ್ಕಾ, ತಗಡು ಅಂದ್ರೆ ಸಿಗ್ನಲ್‌ಗೆ ಕೋಟೆ ಗೋಡೆ. ನಲವತ್ತು ಕೊಂಬು ಇಕ್ಕಿದ್ರೂ ಒಳಕ್ಕೆ ಬರಲ್ಲ. ಸುಮ್ನೆ ಒಂದು ವೈರ್ ಎಳ್ಕೊ."

ವೈರು! ನನ್ನ ಸಂಭ್ರಮ ಇಮ್ಮಡಿಯಾಯಿತು. ವೈರಿಗೂ ನನಗೂ ಹಳೆಯ ನಂಟು. ಚಿಕ್ಕಂದಿನಲ್ಲಿ ನಮ್ಮ ಬೂದಿಕೋಟೆಯ ಮನೆಯ ಟೀವಿಗೆ ಮಾಳಿಗೆಯ ಮೇಲೊಂದು ಆಂಟೆನಾ ಇತ್ತು. ಯಾರು ಎಷ್ಟು ತಿರುಗಿಸಿದರೂ ಪರದೆಯ ಮೇಲೆ ಬರೀ ಇರುವೆ ಓಡುವಂತೆ ಚುಕ್ಕೆ. ನಾನು ಹೋಗಿ ಆ ಕಂಬಿ ಹಿಡಿದುಕೊಂಡರೆ ಮಾತ್ರ ಚಿತ್ರ ನಿಲ್ಲುತ್ತಿತ್ತು. ನನ್ನ ಕೈಯಲ್ಲೇನೋ ಇದೆ ಎಂದು ಮನೆಯವರೆಲ್ಲ ನಂಬಿದ್ದರು. ಎಲ್ಲರಿಗಿಂತ ಹೆಚ್ಚಾಗಿ ನಾನು ನಂಬಿದ್ದೆ. ಭಾನುವಾರದ ಸಿನಿಮಾಗಳನ್ನೆಲ್ಲ ನಾನು ಮಾಳಿಗೆಯ ಮೇಲೆ ಕಂಬಿ ಹಿಡಿದು ನಿಂತು ಕಿವಿಯಲ್ಲೇ ನೋಡಿದ್ದೇನೆ. ಕೆಳಗಿನಿಂದ ಅಣ್ಣ ಕೂಗುತ್ತಿದ್ದ, "ಅಲ್ಲಾಡ್ಬ್ಯಾಡ್ವೇ, ಫೈಟಿಂಗ್ ಬಂತು!" ತಂತಿ ಎಂದರೆ ಮುಟ್ಟಬೇಕಾದದ್ದು, ಮುಟ್ಟಿದರೆ ಒಳ್ಳೆಯದಾಗುತ್ತದೆ ಎಂಬ ಭಾವನೆ ಆಗ ಕೈಗೆ ಅಂಟಿದ್ದು, ಭೌತಶಾಸ್ತ್ರ ಓದಿದ ಮೇಲೂ ಹೋಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಬಂಗಾರಪೇಟೆಯ ಅಂಗಡಿಗೆ ಹೋದೆ. ತಾಮ್ರದ್ದೆಂದು ಅಂಗಡಿಯವನು ಕೊಟ್ಟ ಕೇಬಲ್ಲಿನ ತುದಿಯನ್ನು ಬ್ಲೇಡಿನಿಂದ ಕೆರೆದೆ. ಒಳಗೆ ಬೆಳ್ಳಗೆ ಹೊಳೆಯಿತು; ಅಲ್ಯೂಮಿನಿಯಮ್ಮಿಗೆ ತಾಮ್ರ ಬಳಿದದ್ದು. "ಏನ್ ಮೇಡಂ, ಚಿನ್ನ ಒರೆ ಹಚ್ದಂಗೆ ಹಚ್ತೀರ" ಎಂದ. "ನಾವು ಕೆಜಿಎಫ್‌ನೋರು ಕಣಪ್ಪ" ಎಂದೆ. ಅಪ್ಪಟ ತಾಮ್ರದ್ದೇ ಕೊಟ್ಟ. ಆ ದಿನ ರೈಲಿನಲ್ಲಿ ಕೇಬಲ್ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ ನನ್ನ ಮುಖ ಹೇಗಿತ್ತೋ, ಎದುರಿಗಿದ್ದ ಅಜ್ಜಿಯೊಬ್ಬರು "ಮಗೂನ್ ನಾಮಕರಣಕ್ಕಾ?" ಎಂದು ಕೇಳಿದರು.

ಇನ್ನು ಅದನ್ನು ಹಿತ್ತಲಿನುದ್ದಕ್ಕೂ ಎಳೆಯುವುದು ಹೇಗೆ? ನೆಲದಲ್ಲಿ ಪೈಪು ಹೂತು ಅದರೊಳಗೆ ಬಿಡಿ ಎಂದ ಮುನಿರಾಜು. ಆಗ ಮಾವ ಕೈಯೆತ್ತಿದರು.

"ಪೈಪ್ ಯಾತಕ್ಕಯ್ಯಾ? ನಮ್ ರೋಪ್ ಇಲ್ವಾ?"

ಈ ರೋಪಿನ ಕತೆ ಹೇಳಲೇಬೇಕು. ಗಣಿಯ ಬಾವಿಯೊಳಗೆ ಜನ ತುಂಬಿದ ಕಬ್ಬಿಣದ ಪಂಜರವನ್ನು ಇಳಿಸಿ ಏರಿಸುತ್ತಿದ್ದದ್ದು ಮುಂಗೈ ದಪ್ಪದ ಉಕ್ಕಿನ ಹಗ್ಗ. ಅದಕ್ಕೆ ವಯಸ್ಸಾದರೆ ಕಳಚಿ ಹೊಸದು ಹಾಕುತ್ತಿದ್ದರಂತೆ. ಹಳೆಯದರ ಎಳೆ ಬಿಡಿಸಿ ಒಂದೊಂದು ತುಂಡು ಮನೆಗೆ ತಂದವರೆಷ್ಟೋ ಜನ. ನಮ್ಮ ಸಾಲಿನ ಹಿತ್ತಲುಗಳಲ್ಲಿ ಬಟ್ಟೆ ಒಣಗುವುದು ಅಂಥ ಎಳೆಗಳ ಮೇಲೆ. ನಮ್ಮದು ನುಗ್ಗೆ ಮರದಿಂದ ಶೆಡ್ಡಿನ ಕಬ್ಬಿಣದ ಕಂಬಕ್ಕೆ ಬಿಗಿದದ್ದು. ಮಾವ ತಿಂಗಳಿಗೊಮ್ಮೆ ಅದಕ್ಕೆ ಎಣ್ಣೆ ಸವರುತ್ತಾರೆ. ಅವರ ಜೀವ ಹೊತ್ತು ತಂದ ಹಗ್ಗ ಅದು; ಬಿಟ್ಟುಕೊಡುವುದುಂಟೆ?

"ಪಂಜರ ತುಂಬ ಆಳುಗಳ್ನ ಎತ್ತಿದ ರೋಪು. ನಿನ್ನ ದಾರದಂಗಿರೋ ವೈರ್ ಎತ್ತಕಾಗಲ್ವಾ?"

"ಅಲ್ಲ ತಾತಾ, ಅದ್ರ ಮೇಲೆ ಆಗ್ಲೇ ಶೆಡ್ಡಿನ ಕರೆಂಟ್ ವೈರ್ ಓಗೈತಲ್ಲ. ಎರಡೂ ಒಂದೇ ತಾವ ಬ್ಯಾಡ."

ಹೌದು, ಶೆಡ್ಡಿನ ದೀಪಕ್ಕೂ ಫ್ಯಾನಿಗೂ ಕರೆಂಟು ಹೋಗಿದ್ದದ್ದು ಆ ಹಗ್ಗದ ಮೇಲೇ. ಎಷ್ಟೋ ಬೇಸಿಗೆಯ ಬಿಸಿಲು ತಿಂದ ಹಳೆಯ ವೈರು. ಆಗ ಬಿ.ಎಸ್ಸಿ. ಓದಿದ ನಾನು ಬಾಯಿ ಹಾಕಿದೆ: "ಎರಡರ ಮೇಲೂ ಪ್ಲಾಸ್ಟಿಕ್ ಇದೆಯಲ್ಲ ಮುನಿರಾಜು, ಏನೂ ಆಗಲ್ಲ." ಈ ಮಾತನ್ನು ನಾನೇ ಆಡಿದ್ದು. ಈಗಲೂ ಅನ್ನ ಕಲಸುವಾಗ, ಬಸ್ಸಿಗೆ ಕಾಯುವಾಗ, ನನ್ನದೇ ದನಿಯಲ್ಲಿ ಕೇಳಿಸುತ್ತದೆ: ಏನೂ ಆಗಲ್ಲ.

ಮುನಿರಾಜು ಮನಸ್ಸಿಲ್ಲದ ಮನಸ್ಸಿನಿಂದ, ಕೇಬಲ್ಲಿನ ಒಂದು ತುದಿಯನ್ನು ರೂಟರಿನ ಎರಡನೇ ಪೋರ್ಟಿಗೆ ಸಿಕ್ಕಿಸಿ, ಕರೆಂಟ್ ವೈರಿನಿಂದ ಬೆರಳಷ್ಟು ದೂರ ಬಿಟ್ಟು, ಸಡಿಲವಾಗಿ ಕಟ್ಟಿ ಹೋದ. ಜೋತುಬಿದ್ದ ಕೇಬಲ್ ನನ್ನ ಕಣ್ಣಿಗೆ ಸರಿಕಾಣಲಿಲ್ಲ. ಅಷ್ಟು ಒಳ್ಳೆಯ ತಾಮ್ರ, ಹೀಗೆ ಹರಕು ಲಾಡಿಯ ಹಾಗೆ ನೇತಾಡುವುದೆ? ಸ್ಟೂಲು ಹತ್ತಿ, ಒಂದು ಕಟ್ಟು ಪ್ಲಾಸ್ಟಿಕ್ ಪಟ್ಟಿ ತೆಗೆದುಕೊಂಡು, ಹಗ್ಗ, ಕರೆಂಟ್ ವೈರು, ಕೇಬಲ್ ಮೂರನ್ನೂ ಸೇರಿಸಿ ಗೇಣಿಗೊಂದರಂತೆ ಕಟ್ಟಿದೆ. ಇಕ್ಕಳದಲ್ಲಿ ಹಿಡಿದು ಜಗ್ಗಿ ಜಗ್ಗಿ ಬಿಗಿದೆ. ಕೆಳಗೆ ನಿಂತು ಅತ್ತೆ "ಜಡೆ ಎಣ್ದಂಗೈತೆ" ಎಂದು ಮೆಚ್ಚಿದರು.

ಮರುದಿನದ ಪಾಠವನ್ನು ಏನೆಂದು ಹೇಳಲಿ! ಹನ್ನೊಂದು ಮುಖಗಳು ತೊಳೆದಿಟ್ಟ ಹಾಗೆ. ಯಾರೂ ನಿಲ್ಲಲಿಲ್ಲ, ಯಾರ ದನಿಯೂ ತುಂಡಾಗಲಿಲ್ಲ. "ಮೇಡಂ, ನಿಮ್ಮ ಹಿಂದೆ ಹಲ್ಲಿ ಇದೆ" ಎಂದಳು ಆಂಡರ್ಸನ್‌ಪೇಟೆಯ ಹುಡುಗಿ. ತಿರುಗಿ ನೋಡಿದರೆ ಇತ್ತು. ಅಷ್ಟು ಸ್ಪಷ್ಟ! ನಾನು ಹಲ್ಲಿಗೆ ಕೈಮುಗಿಯುವಷ್ಟು ಖುಷಿಯಾಗಿದ್ದೆ. ಆ ಖುಷಿ ಒಂಬತ್ತು ದಿನ ಇತ್ತು.

ಹತ್ತನೆಯ ದಿನ ತುಂತುರು ಹನಿದು ನಿಂತಿತ್ತು. ಅಂದು ವಿದ್ಯುತ್ತಿನ ಪಾಠ ನಡೆಯುತ್ತಿತ್ತು ಎಂದರೆ ಕತೆಗೆ ಚೆನ್ನಾಗಿರುತ್ತಿತ್ತು, ಆದರೆ ನಡೆಯುತ್ತಿದ್ದದ್ದು ಸಮಾಂತರ ಶ್ರೇಢಿ. ಇದ್ದಕ್ಕಿದ್ದಂತೆ ಪರದೆಯ ಮೇಲಿನ ಮಕ್ಕಳೆಲ್ಲ ನಿಂತುಬಿಟ್ಟರು. ಬೂದಿಕೋಟೆಯ ಹುಡುಗನ ಆಕಳಿಕೆ ಅರ್ಧಕ್ಕೇ ಉಳಿಯಿತು. ನನಗೆ ಸಿಟ್ಟು ಬಂತು. ಮುನಿರಾಜುವನ್ನು ಮನಸ್ಸಿನಲ್ಲೇ ಬೈಯುತ್ತ ಎದ್ದು ಬಾಗಿಲಿನ ಕಡೆ ನಡೆದೆ. ಕಾಲಲ್ಲಿ ಚಪ್ಪಲಿಯಿಲ್ಲ. ತಗಡಿನ ಸಂದಿಯಿಂದ ಸೋರಿದ ನೀರು ನೆಲದ ಮೇಲೆ ಹರಡಿತ್ತು. ಕಬ್ಬಿಣದ ಚಿಲಕಕ್ಕೆ ಕೈ ಚಾಚಿದೆ.

ಟಣ್.

ಇಲ್ಲೊಂದು ಮಾತು ಹೇಳಬೇಕು. ಮಾವನ ದನಿ ಕೇಳಿಸುವುದಿಲ್ಲವಲ್ಲ, ಅದಕ್ಕೆ ಅವರು ಹಿತ್ತಲ ಬಾಗಿಲಲ್ಲಿ ರೈಲು ಕಂಬಿಯ ತುಂಡೊಂದನ್ನು ನೇತುಹಾಕಿಕೊಂಡಿದ್ದಾರೆ. ಗಣಿಯಲ್ಲಿ ಪಂಜರ ನಡೆಸುವವನಿಗೆ ಗಂಟೆ ಹೊಡೆದು ತಿಳಿಸುತ್ತಿದ್ದ ಹಾಗೆ, ಲೋಟದಿಂದ ಅದಕ್ಕೆ ಬಡಿಯುತ್ತಾರೆ. ಎರಡು ಏಟೆಂದರೆ ಕಾಫಿ. ಮೂರೆಂದರೆ ಮನೆಗೆ ಜನ ಬಂದಿದ್ದಾರೆ. ಒಂದೇ ಏಟೆಂದರೆ ಎಲ್ಲಿದ್ದೀರೋ ಅಲ್ಲೇ ನಿಲ್ಲಿ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಇದನ್ನು ನೆನೆದು ನೆನೆದು ನಕ್ಕಿದ್ದೆ. ಕೊನೆಗೆ ನನಗೂ ರೂಢಿಯಾಗಿತ್ತು. ಆದರೆ ಒಂದೇ ಏಟನ್ನು ನಾನು ಆವರೆಗೆ ಕೇಳಿದ್ದು ಒಂದೋ ಎರಡೋ ಸಲ. ಒಮ್ಮೆ ಹಿತ್ತಲಲ್ಲಿ ನಾಗರಹಾವು ಬಂದಾಗ.

ಕಿಟಕಿಯಲ್ಲಿ ನೋಡಿದೆ. ಹಗ್ಗದ ಮುಂದೆ ಅತ್ತೆ. ಎರಡೂ ಕೈಯಲ್ಲಿ ಹಿಂಡಿದ ದುಪ್ಪಟಿ, ಹಗ್ಗದ ಮೇಲೆ ಎಸೆಯಲು ಎತ್ತಿದ್ದು ಎತ್ತಿದ ಹಾಗೇ ಇತ್ತು. ಬಾಯಿ ಮಾತ್ರ ನಿಂತಿರಲಿಲ್ಲ: "ಏನ್ರೀ ಅದು? ಕಾಪಿ ಈಗಿನ್ನ ಕೊಡ್ಲಿಲ್ವಾ?"

ಮಾವ ನನ್ನ ಕಡೆ ತಿರುಗಿದರು. ಸ್ವಲ್ಪ ಹೊತ್ತು ಬಿಟ್ಟು, ಎರಡು ಏಟೆಂದು ಯಾರೂ ತಪ್ಪು ತಿಳಿಯದಂತೆ, ಇನ್ನೊಂದು ಹೊಡೆದರು. ಟಣ್. ಅಂಗೈ ಎತ್ತಿ ತೋರಿಸಿದರು. ನನ್ನ ಬೆರಳು ಚಿಲಕದಿಂದ ಎರಡಂಗುಲ ದೂರದಲ್ಲಿ ನಿಂತಿತು.

ಆಮೇಲೆ ಅವರು ಹಗ್ಗದ ಕಡೆ ಬೆರಳು ಮಾಡಿ, ಮನೆಯೊಳಗೆ ತಿರುಗಿ ನಡೆದರು. ಆಗ ಕಂಡಿತು. ನುಗ್ಗೆ ಮರದಿಂದ ಮೂರನೆಯ ಪಟ್ಟಿಯ ಹತ್ತಿರ ಸಾಸಿವೆಯಷ್ಟು ನೀಲಿ ಕಿಡಿ. ದುಂಬಿ ಗುಂಯ್ಗುಟ್ಟುವಂಥ ಸದ್ದು. ಊದುಬತ್ತಿಯದಷ್ಟು ಹೊಗೆ. ಕಾಲೇಜಿನಲ್ಲಿ ಓದಿದ್ದೆಲ್ಲ ಒಂದೇ ಉಸಿರಿಗೆ ನೆನಪಾಯಿತು. ವೈರಿನಿಂದ ಹಗ್ಗಕ್ಕೆ, ಹಗ್ಗದಿಂದ ಕಂಬಕ್ಕೆ, ಕಂಬದಿಂದ ತಗಡಿಗೆ, ತಗಡಿನಿಂದ ಚಿಲಕಕ್ಕೆ. ನಾನು ಕರೆಂಟು ಹರಿಯುವ ಡಬ್ಬಿಯೊಳಗೆ ಒದ್ದೆ ಕಾಲಲ್ಲಿ ನಿಂತಿದ್ದೆ.

"ಅತ್ತೆ, ಹಿಂದಕ್ಕೆ ಬನ್ನಿ! ಹಗ್ಗದಲ್ಲಿ ಕರೆಂಟ್ ಇದೆ!"

"ಯಾವ ಅಗ್ಗದಲ್ಲೇ?"

"ನಿಮ್ಮ ಮುಂದಿರೋದರಲ್ಲಿ!"

ಗಾಳಿ ಬೀಸಿ ದುಪ್ಪಟಿಯ ಅಂಚು ಹಗ್ಗದ ಕಡೆ ಹಾರಿತು. ಅತ್ತೆ ಅದನ್ನು ಕೂಸನ್ನು ಬಾಚುವಂತೆ ಬಾಚಿ ಎದೆಗೆ ಅವುಚಿಕೊಂಡು ಹಿಂದೆ ಸರಿದರು. ನೀರು ಸೀರೆಯ ಮೇಲೆಲ್ಲ ಇಳಿಯಿತು. ಅಷ್ಟಾದ ಮೇಲೆ ಶೆಡ್ಡನ್ನೂ ಹಗ್ಗವನ್ನೂ ಒಮ್ಮೆ ನೋಡಿದರು.

"ನೀನು?"

"ಒಳಗೇ ನಿಂತಿದ್ದೀನಿ ಅತ್ತೆ."

"ಏನೂ ಮುಟ್ಬ್ಯಾಡ. ಅತ್ಲಾಗ್ ಇತ್ಲಾಗ್ ನೋಡ್ಬ್ಯಾಡ. ನನ್ ಮಕ ನೋಡು." ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ದನಿ ಸಣ್ಣಗಾಗಿತ್ತು.

ಮೈನ್ ಸ್ವಿಚ್ಚಿರುವುದು ಮನೆಯ ಮುಂಭಾಗದಲ್ಲಿ. ಮಾವ ಓಡಲಾರರು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳಬೇಕು. ಅವರು ಎಲ್ಲಿ ನಿಂತಿರಬಹುದು, ಅಡುಗೆಮನೆ ದಾಟಿದರೋ ಇಲ್ಲವೋ ಎಂದು ನಾನು ಲೆಕ್ಕ ಹಾಕುತ್ತ, ಅತ್ತೆಯ ಮುಖ ನೋಡುತ್ತ ನಿಂತೆ. ಅತ್ತೆ ನನ್ನನ್ನು ನೋಡುತ್ತ ನಿಂತರು. ನಾವಿಬ್ಬರೂ ಹಾಗೆ ಮುಖಕ್ಕೆ ಮುಖ ಕೊಟ್ಟು ನಿಂತದ್ದು ನನ್ನ ಮದುವೆಯಲ್ಲೂ ಇಲ್ಲ. ಅವರ ಗಲ್ಲದ ಮೇಲೊಂದು ಸಣ್ಣ ಮಚ್ಚೆ ಇರುವುದು ನನಗೆ ಗೊತ್ತಾದದ್ದು ಅಂದೇ.

ತಲೆಯ ಮೇಲಿನ ಫ್ಯಾನು ನಿಧಾನವಾಗುತ್ತ ನಿಂತಿತು. ಹಗ್ಗದ ಗುಂಯ್ ನಿಂತಿತು. ಬಹಳ ಹೊತ್ತಿನ ಮೇಲೆ ಮಾವ ಗೋಡೆ ಹಿಡಿದುಕೊಂಡು ಬಂದು, "ಈಗ ಬನ್ರಿ" ಎಂದರು. ಆದರೂ ನಾನು ಬಾಗಿಲನ್ನು ಮರದ ಸ್ಕೇಲಿನಿಂದ ತಳ್ಳಿ ತೆಗೆದೆ. ಹೊರಬಂದವಳನ್ನು ಅತ್ತೆ ಒದ್ದೆ ದುಪ್ಪಟಿಯ ಸಮೇತ ಅಪ್ಪಿಕೊಂಡರು, ಆಮೇಲೆ ಬೆನ್ನ ಮೇಲೆ ಒಂದು ಗುದ್ದಿದರು.

ಮುನಿರಾಜು ಬಂದು ಪಟ್ಟಿ ಕತ್ತರಿಸಿದ. ಬಿಸಿಲಿಗೆ ಗರಿಗರಿಯಾಗಿದ್ದ ಹಳೆಯ ವೈರಿನ ಹೊದಿಕೆ ಪಟ್ಟಿಯ ಬಿಗಿಗೆ ಬಿರಿದು, ಒಳಗಿನ ತಂತಿ ನೇರ ಉಕ್ಕಿಗೆ ಒತ್ತಿಕೊಂಡಿತ್ತು. ಪಕ್ಕದಲ್ಲಿದ್ದ ನನ್ನ ಅಪ್ಪಟ ತಾಮ್ರದ ಕೇಬಲ್ಲೂ ಅಲ್ಲೇ ಕರಗಿ ತುಂಡಾಗಿತ್ತು.

"ಇಷ್ಟು ಬಿಗಿ ಮಾಡಿದ್ಯಾರಕ್ಕಾ?"

"ನಾನೇ."

ಅವನು ಕತ್ತರಿಸಿದ ಪಟ್ಟಿಗಳನ್ನು ಒಂದೊಂದಾಗಿ ಆರಿಸಿ ನನ್ನ ಕೈಗಿಟ್ಟ. ಬೈದಿದ್ದರೆ ಚೆನ್ನಾಗಿತ್ತು. ಫ್ಯೂಸ್ ಯಾಕೆ ಹೋಗಲಿಲ್ಲ ಎಂದು ನೋಡಿದರೆ ಅದರಲ್ಲಿ ಕಡ್ಡಿಯಂಥ ದಪ್ಪ ತಂತಿ. "ಪದೇ ಪದೇ ಓಗ್ತಿತ್ತು ಅಂತ ನಾನೇ ಆಕಿದ್ದು" ಎಂದರು ಮಾವ, ನೆಲ ನೋಡುತ್ತ. ರೂಟರ್ ಆರಿಸಲು ಎರಡು ವಾರ ಕಳೆದ ನಾನು ಆ ಫ್ಯೂಸ್ ಡಬ್ಬಿಯ ಮುಚ್ಚಳವನ್ನು ಒಂದು ದಿನವೂ ತೆಗೆದು ನೋಡಿರಲಿಲ್ಲ.

ಅತ್ತೆ ನಮ್ಮಿಬ್ಬರನ್ನೂ ನೋಡಿದರು. "ಒಬ್ರು ಗಣಿ, ಒಬ್ಳು ಕಾಲೇಜು. ಇಬ್ರೂ ಸೇರಿ ನನ್ನ ಅಗ್ಗದ ಮೇಲೆ ಒಣಗಾಕ್ತಿದ್ರಿ."

ಮುಂದಿನ ಭಾನುವಾರ ಹಿತ್ತಲಲ್ಲಿ ಪೈಪು ಹೂಳಲು ಕಾಲುವೆ ತೋಡುವ ಕೆಲಸ. ಮಾವನ ಹಳೆಯ ಜೊತೆಗಾರ ಸೆಲ್ವಂ ಮಾಮ ಇನ್ನಿಬ್ಬರನ್ನು ಕರೆದುಕೊಂಡು ಗುದ್ದಲಿ ಹೊತ್ತು ಬಂದರು. ಎಲ್ಲರಿಗೂ ಎಪ್ಪತ್ತರ ಆಚೆಯ ವಯಸ್ಸು, ಮುಖದಲ್ಲಿ ಮಾತ್ರ ಶಿಫ್ಟಿಗೆ ಹೊರಟವರ ಉಮೇದು.

"ಎಷ್ಟು ಆಳ ಟೀಚರಮ್ಮಾ?"

"ಎರಡು ಅಡಿ ಸಾಕು ಮಾಮ."

"ಎರಡು ಅಡಿನಾ? ಅಯ್ಯಯ್ಯೋ, ಅದು ಕೋಳಿ ಕೆರೆಯೋದಮ್ಮಾ, ಕೆಲಸ ಇಲ್ಲ. ನೀನು ಸುಮ್ನೆ ಇರು ಮಾ."

ಊಟದ ಹೊತ್ತಿಗೆ ಸೆಲ್ವಂ ಮಾಮ ಸೊಂಟದವರೆಗೆ ಒಳಗಿದ್ದರು. ಮಣ್ಣು ಜಾರದಂತೆ ಎರಡೂ ಬದಿಗೆ ಹಲಗೆ ನಿಲ್ಲಿಸಿ ಅಡ್ಡ ಮರ ಕೊಟ್ಟಿದ್ದರು. ಮಾವ ದಡದಲ್ಲಿ ಸ್ಟೂಲು ಹಾಕಿಕೊಂಡು ಕೈಸನ್ನೆಯಲ್ಲಿ ಹುಕುಂ ಕೊಡುತ್ತಿದ್ದರು. ಸಾಲಿನ ಜನವೆಲ್ಲ ಗೋಡೆಯ ಮೇಲೆ. "ಏನ್ ಸೆಲ್ವಂ, ಮಿಂಚ್ತಾ ಐತಾ?" "ಮಿಂಚಿದ್ರೆ ನಿಂಗೇಳ್ತೀನಾ?" ಅತ್ತೆ ಮುದ್ದೆ ಸಾರು ಬಡಿಸುತ್ತ, "ಇನ್ನೊಂದ್ ಗಳಿಗೆ ಬಿಟ್ರೆ ಪಾತಾಳದಾಗೆ ಇಂಟರ್‌ನೆಟ್ ಇಕ್ತಾರೆ" ಎಂದರು. ನಾನು ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದು ನಕ್ಕೆ. ಸಂಜೆಗೆ ಮುನಿರಾಜು ಎರಡು ಪೈಪು ಇಳಿಸಿದ: ಕರೆಂಟಿಗೊಂದು, ಅಡಿ ದೂರ ಬಿಟ್ಟು ನೆಟ್ಟಿಗೊಂದು. ಮುಂಬಾಗಿಲ ಬಳಿ ದಪ್ಪ ತಂತಿಯ ಡಬ್ಬಿ ಕಿತ್ತು, ಕರೆಂಟು ದಾರಿ ತಪ್ಪಿದ ಕೂಡಲೇ ತಾನೇ ಬೀಳುವ ಸ್ವಿಚ್ಚು ಬಂತು. ಶೆಡ್ಡಿನ ತಗಡಿಗೂ ಅರ್ಥಿಂಗ್ ಆಯಿತು. ಸ್ವಿಚ್ಚಿನಲ್ಲಿ ಪರೀಕ್ಷೆಗೊಂದು ಗುಂಡಿ. ಅತ್ತೆ ಅದನ್ನು ಒತ್ತಿದರು, ಮನೆಯೆಲ್ಲ ಆರಿತು. ಮತ್ತೆ ಹಾಕಿ ಮತ್ತೆ ಒತ್ತಿದರು. ಏಳನೆಯ ಸಲಕ್ಕೆ ಮುನಿರಾಜು ಕೈಮುಗಿದ.

ಎಲ್ಲ ಸರಿಯಾಯಿತು, ನಿದ್ದೆಯೊಂದು ಸರಿಯಾಗಲಿಲ್ಲ. ಆ ಬೆಳಗಿನಿಂದ ನಮ್ಮ ಮನೆಯಲ್ಲಿ ಮಲಗುವ ಮುಂಚೆ ಮೈನ್ ಸ್ವಿಚ್ಚನ್ನೇ ಇಳಿಸುವ ಪದ್ಧತಿ ಬಂದಿತ್ತು. ಹೊಸ ಸ್ವಿಚ್ಚು ಬಂದ ಮೇಲೂ ಅತ್ತೆ ಬಿಡಲಿಲ್ಲ. ಫ್ಯಾನಿಲ್ಲ, ಸೆಕೆ, ಸೊಳ್ಳೆ. ಅದಲ್ಲದೆ ಇಳಿಸಿದ್ದಾರೋ ಇಲ್ಲವೋ ಎಂದು ನೋಡಲು ಒಬ್ಬರಾದ ಮೇಲೊಬ್ಬರು ಏಳುವುದು. ಎಷ್ಟೋ ಸಲ ಅತ್ತೆ, ಮಾವ, ನಾನು ಮೂವರೂ ಆ ಸ್ವಿಚ್ಚಿನ ಮುಂದೆ ಮುಖಾಮುಖಿಯಾಗಿ, "ನೀರ್ ಕುಡಿಯಾಕೆ ಬಂದೆ" ಎಂದು ಸುಳ್ಳು ಹೇಳಿ ಹಿಂತಿರುಗಿದ್ದುಂಟು. ಕಣ್ಣು ಮುಚ್ಚಿದರೆ ನನಗೆ ಗಾಳಿಗೆ ಹಾರುವ ದುಪ್ಪಟಿಯ ಅಂಚು. ನಮ್ಮೆಜಮಾನರೊಬ್ಬರು ಮಾತ್ರ ಗೊರಕೆ ಹೊಡೆಯುತ್ತಿದ್ದರು. ಅವರು ಅಂದು ಮಂಡಿಯಲ್ಲಿದ್ದರಲ್ಲ.

ಕಾಲುವೆ ಮುಚ್ಚಿ ಮೂರು ವಾರವಾಗಿತ್ತು. ಒಂದು ಭಾನುವಾರ ಕಣ್ಣು ಬಿಟ್ಟರೆ ಕಿಟಕಿಯ ಬಿಸಿಲು ನನ್ನ ಮೊಣಕಾಲಿನವರೆಗೆ ಬಂದಿತ್ತು. ಎಂಟೂವರೆ. ಗಾಬರಿಯಾಗಿ ಹೊರಗೆ ಬಂದೆ. ನಡುಮನೆಯಲ್ಲಿ ಮಾವ ಮಗ್ಗುಲಾಗಿ ಮಲಗಿ ಸಣ್ಣಗೆ ಗೊರಕೆ ತೆಗೆಯುತ್ತಿದ್ದರು. ಅತ್ತೆ ಆಗಷ್ಟೇ ಎದ್ದು ಕೂತು, ಕೆದರಿದ ಜಡೆ ಹಿಡಿದುಕೊಂಡು, ಸೂರನ್ನೇ ನೋಡುತ್ತಿದ್ದರು.

"ರಾತ್ರಿ ಮೈನ್ ನೀನು ಇಳಿಸ್ಲಿಲ್ವಾ?"

"ನೀವು ಇಳಿಸಿದ್ರಿ ಅಂದ್ಕೊಂಡೆ ಅತ್ತೆ."

"ನಾನು ನೀನು ಅಂದ್ಕೊಂಡೆ."

ಇಬ್ಬರೂ ಮೇಲೆ ನೋಡಿದೆವು. ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ರಾತ್ರಿಯೆಲ್ಲ ಮನೆಯಲ್ಲಿ ಕರೆಂಟೂ ಇತ್ತು, ನಾವೂ ಇದ್ದೆವು.